ಊರೂರಿನ ಸರ್ವರ್‌ಗಳ ಮೇಲೆ ಕುಳಿತಲ್ಲಿಂದಲೇ ಕಣ್ಣಿಡುವ ಬಗೆ

ಪ್ರಶ್ನೆ: ನಾನು ಕಲಬುರಗಿಯ ಒಂದು ಸೌಹಾರ್ದ ಸಹಕಾರಿಯಲ್ಲಿ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಸೂಪರ್ ಮಾರ್ಕೆಟ್ ಬಳಿಯ ಪ್ರಧಾನ ಕಚೇರಿಯಲ್ಲಿ ನಾಲ್ಕು ಸರ್ವರ್‌ಗಳಿವೆ. ಆಳಂದ, ಅಫಜಲಪುರ, ಜೇವರ್ಗಿ, ಸೇಡಂ, ಚಿಂಚೋಳಿ, ಯಾದಗಿರಿ, ಶಹಾಪುರ ಮತ್ತು ಹುಮನಾಬಾದ್ ಶಾಖೆಗಳಲ್ಲಿ ತಲಾ ಒಂದರಂತೆ ಎಂಟು ಇವೆ. ಒಟ್ಟು ಹನ್ನೆರಡರಲ್ಲಿ ಹತ್ತು ಲಿನಕ್ಸ್, ಎರಡು ವಿಂಡೋಸ್. ಯಾವುದು ನಿಂತರೂ ಶಾಖೆಯ ವ್ಯವಸ್ಥಾಪಕರು “ಸರ್ವರ್ ಬಂದ್ ಬಿದ್ದಾದ್ರಿ, ಲಗೂನ ಬರ್ರಿ” ಎಂದು ಫೋನ್ ಮಾಡಿದ ಮೇಲೆಯೇ ನನಗೆ ತಿಳಿಯುತ್ತದೆ. ಎಲ್ಲವನ್ನೂ ಒಂದೇ ವೆಬ್ ಪುಟದಲ್ಲಿ, ಮನೆಯಿಂದಲೂ ನೋಡುವಂತೆ ಮಾಡಬಹುದೇ? ಅದಕ್ಕಾಗಿ ಪ್ರತಿ ಶಾಖೆಯ ರೌಟರ್‌ನಲ್ಲಿ ಪೋರ್ಟ್ ತೆರೆಯಬೇಕೇ? ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯ ಎರಡಕ್ಕೆ ಮೊದಲೇ ಉತ್ತರಿಸಿಬಿಡುತ್ತೇನೆ. ಯಾವ ಶಾಖೆಯ ರೌಟರ್‌ನಲ್ಲಿಯೂ ಒಂದೇ ಒಂದು ಪೋರ್ಟನ್ನು, ಅಂದರೆ ಹೊರಗಿನಿಂದ ಒಳಬರುವ ಬಾಗಿಲನ್ನು, ತೆರೆಯಬೇಡಿ. ತಂತ್ರಾಂಶಕ್ಕಾಗಿ ಹಣ ಕೊಡುವ ಅಗತ್ಯವೂ ಇಲ್ಲ. ಒಂದು ಚಿಕ್ಕ ಬಾಡಿಗೆ ಯಂತ್ರದ ತಿಂಗಳ ಬಾಡಿಗೆ ಮತ್ತು ನಿಮ್ಮ ಮೂರು ನಾಲ್ಕು ವಾರಗಳ ಶ್ರಮ, ಇಷ್ಟೇ ಇದರ ವೆಚ್ಚ. ಮೊದಲ ಪ್ರಶ್ನೆಗೆ ಉತ್ತರ ಹೌದು ಎಂಬುದೇ ಆದರೂ, ‘ಪುಟದಲ್ಲಿ ನೋಡುವುದು’ ಎಂಬಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ಹನ್ನೆರಡು ಸರ್ವರ್‌ಗಳ ಪುಟವನ್ನು ಮಾಡಿಟ್ಟ ಮೊದಲ ವಾರ ನೀವು ಅದನ್ನು ದಿನಕ್ಕೆ ಇಪ್ಪತ್ತು ಸಲ ನೋಡುತ್ತೀರಿ, ಎರಡನೆಯ ತಿಂಗಳಿಗೆ ದಿನಕ್ಕೊಮ್ಮೆ, ಆರನೆಯ ತಿಂಗಳಿಗೆ ಏನಾದರೂ ಕೆಟ್ಟ ಮೇಲಷ್ಟೇ. ಹೀಗಾಗುವುದು ಸಹಜ, ಇದರಲ್ಲಿ ಯಾರ ತಪ್ಪೂ ಇಲ್ಲ. ಆದುದರಿಂದ ನೀವು ನೋಡದೆ ಇದ್ದಾಗ ನಿಮ್ಮನ್ನು ಕರೆಯುವ ವ್ಯವಸ್ಥೆಯನ್ನು ಮೊದಲು ಕಟ್ಟಬೇಕು. ಪುಟವು ಕರೆ ಬಂದ ಮೇಲೆ ಕಾರಣ ಹುಡುಕುವುದಕ್ಕೆ ಬೇಕಾಗುವ ಸಾಧನ.

ಈ ವ್ಯವಸ್ಥೆಯನ್ನು ಎಲ್ಲಿಡಬೇಕು ಎಂಬುದು ಯಾವ ತಂತ್ರಾಂಶ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದು ನಾನು ಕಷ್ಟಪಟ್ಟು ಕಲಿತೆ. ಹಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಸಂಸ್ಥೆಗೆ ನಾನು ಇಂತಹದೇ ನಿಗಾ ವ್ಯವಸ್ಥೆಯನ್ನು ಮಾಡಿಕೊಟ್ಟಿದ್ದೆ. ಜಾಗ ಉಳಿಯಲೆಂದು ನಿಗಾ ಯಂತ್ರವನ್ನು ಸರ್ವರ್‌ಗಳಿದ್ದ ಕೋಣೆಯಲ್ಲೇ, ಅದೇ ಯುಪಿಎಸ್‌ಗೆ ಜೋಡಿಸಿಟ್ಟೆ. ಮೇ ತಿಂಗಳ ಒಂದು ರಾತ್ರಿ ಕರೆಂಟ್ ಹೋಗಿ, ಬ್ಯಾಟರಿ ಮುಗಿದು, ಸರ್ವರ್‌ಗಳೂ ಅವುಗಳನ್ನು ಕಾಯುತ್ತಿದ್ದ ಯಂತ್ರವೂ ಒಟ್ಟಿಗೆ ನಿಂತವು. ನನಗೆ ಒಂದು ಸಂದೇಶವೂ ಬರಲಿಲ್ಲ. ಸಂದೇಶವಿಲ್ಲವೆಂದರೆ ಎಲ್ಲವೂ ಸರಿಯಾಗಿದೆ ಎಂದು ನಂಬಿ ನಾನು ಮಲಗಿದ್ದೆ. ಬೆಳಿಗ್ಗೆ ಕೌಂಟರ್ ಮುಂದೆ ಜನ ಸಾಲಾಗಿ ನಿಂತ ಮೇಲೆ ವಿಷಯ ತಿಳಿಯಿತು. ಡೇಟಾಬೇಸ್ ಅರ್ಧ ಬರೆದ ಸ್ಥಿತಿಯಲ್ಲಿ ನಿಂತುಹೋಗಿದ್ದರಿಂದ ಅದನ್ನು ಸರಿಪಡಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಂದಿನಿಂದ ನಾನು ಎರಡು ನಿಯಮಗಳನ್ನು ಬಿಟ್ಟಿಲ್ಲ: ಕಾಯುವ ಯಂತ್ರವು ಕಾಯಲ್ಪಡುವ ಯಂತ್ರಗಳ ಕರೆಂಟು, ಇಂಟರ್‌ನೆಟ್ಟು, ಕಟ್ಟಡ ಯಾವುದನ್ನೂ ಹಂಚಿಕೊಳ್ಳಬಾರದು, ಸುದ್ದಿ ಬಾರದಿರುವುದೇ ಒಂದು ಸುದ್ದಿಯಾಗಿ ನನಗೆ ತಲುಪಬೇಕು. ಮುಂದೆ ಹೇಳುವುದೆಲ್ಲ ಈ ಎರಡರ ವಿಸ್ತರಣೆ.

ಹಾಗಾಗಿ ನಿಗಾ ಯಂತ್ರವನ್ನು ಪ್ರಧಾನ ಕಚೇರಿಯಲ್ಲಿ ಇಡಬೇಡಿ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಡೇಟಾ ಸೆಂಟರ್‌ನಲ್ಲಿ ಎರಡು ಕೋರ್, 4 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್ ಇರುವ ಒಂದು ವರ್ಚುವಲ್ ಸರ್ವರನ್ನು (ದೊಡ್ಡ ಯಂತ್ರವೊಂದರ ಒಂದು ಪಾಲನ್ನು) ಬಾಡಿಗೆಗೆ ತೆಗೆದುಕೊಳ್ಳಿ. ಹನ್ನೆರಡು ಸರ್ವರ್‌ಗಳಿಗೆ ಅಷ್ಟು ಧಾರಾಳವಾಗಿ ಸಾಕು.

ಇನ್ನು ತಂತ್ರಾಂಶದ ಆಯ್ಕೆ. ಈ ಕ್ಷೇತ್ರದಲ್ಲಿ ನಾಗಿಯೋಸ್ 1999ರಿಂದಲೂ, ಝಾಬಿಕ್ಸ್ 2001ರಿಂದಲೂ ಇವೆ. ಪ್ರೊಮೀಥಿಯಸ್ ಎಂಬುದನ್ನು ಸೌಂಡ್‌ಕ್ಲೌಡ್ ಕಂಪನಿಯ ಎಂಜಿನಿಯರ್‌ಗಳು 2012ರಲ್ಲಿ ಬರೆಯತೊಡಗಿದರು, ಮತ್ತು ಅಂಕಿಗಳನ್ನು ಚಿತ್ರವಾಗಿ ತೋರಿಸುವ ಗ್ರಫಾನಾ 2014ರಲ್ಲಿ ಬಂತು. ಇವುಗಳಲ್ಲಿ ಯಾವುದನ್ನು ಆರಿಸಿದರೂ ನಿಮ್ಮ ಕೆಲಸ ಆಗುತ್ತದೆ. ಝಾಬಿಕ್ಸ್ ಎಲ್ಲವನ್ನೂ ಒಂದೇ ಮನೆಯೊಳಗೆ ಕೊಡುತ್ತದೆ: ಅಂಕಿ ಸಂಗ್ರಹ, ಎಚ್ಚರಿಕೆ, ಪುಟ, ಬಳಕೆದಾರರ ಖಾತೆ ಎಲ್ಲವೂ ಅದರಲ್ಲೇ ಇವೆ, ಮೌಸಿನಿಂದಲೇ ಎಲ್ಲವನ್ನೂ ಹೊಂದಿಸಬಹುದು. ಆದರೂ ನಾನು ನಿಮಗೆ ಪ್ರೊಮೀಥಿಯಸ್ ಮತ್ತು ಗ್ರಫಾನಾ ಜೋಡಿಯನ್ನು ಸೂಚಿಸುತ್ತೇನೆ. ಅದಕ್ಕೆ ಕಾರಣ ಒಂದೇ: ಪ್ರೊಮೀಥಿಯಸ್‌ನ ಸಮಸ್ತ ಹೊಂದಾಣಿಕೆಯೂ ನಾಲ್ಕೈದು ಸಾದಾ ಪಠ್ಯ ಕಡತಗಳಲ್ಲಿ ಇರುತ್ತದೆ. ನೀವು ಒಬ್ಬರೇ ಇರುವ ವಿಭಾಗದಲ್ಲಿ ನಾಳೆ ನಿಮ್ಮ ಜಾಗಕ್ಕೆ ಬೇರೆಯವರು ಬಂದರೆ, ಆ ಕಡತಗಳನ್ನು ಓದಿಯೇ ಅವರು ಇಡೀ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಬಹುದು. ಬಾಡಿಗೆ ಯಂತ್ರ ಕೈಕೊಟ್ಟರೆ ಅವನ್ನು ಹೊಸ ಯಂತ್ರಕ್ಕೆ ನಕಲು ಮಾಡಿ ಒಂದು ಗಂಟೆಯಲ್ಲಿ ಮತ್ತೆ ಚಾಲೂ ಮಾಡಬಹುದು.

ಅದು ಕೆಲಸ ಮಾಡುವ ಬಗೆಯೂ ಸರಳವಾಗಿದೆ. ಪ್ರತಿ ಲಿನಕ್ಸ್ ಸರ್ವರ್‌ನಲ್ಲಿ ನೋಡ್ ಎಕ್ಸ್‌ಪೋರ್ಟರ್ ಎಂಬ ಒಂದು ಸಣ್ಣ ಪ್ರೋಗ್ರಾಂ ಕೂತಿರುತ್ತದೆ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ಮೆಮೊರಿ ಎಷ್ಟು ಬಳಕೆಯಾಗಿದೆ, ಯಂತ್ರ ಯಾವಾಗ ಶುರುವಾಯಿತು, ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂಬ ನೂರಾರು ಅಳತೆಗಳನ್ನು ಅದು 9100ನೇ ಪೋರ್ಟಿನಲ್ಲಿ ಸಾದಾ ಪಠ್ಯವಾಗಿ ಕೊಡುತ್ತದೆ. ವಿಂಡೋಸ್‌ಗೆ ಇದೇ ಕೆಲಸದ ವಿಂಡೋಸ್ ಎಕ್ಸ್‌ಪೋರ್ಟರ್ ಇದೆ, ಅದರ ಪೋರ್ಟ್ 9182. ಬೀದರಿನ ನೌಬಾದ್ ಸುರಂಗ ಬಾವಿಯನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ: ನೆಲದಡಿಯ ಕಾಲುವೆಗೆ ಇಳಿಯದೆಯೇ ಅಲ್ಲಲ್ಲಿ ಕೊರೆದ ಬಾವಿಬಾಯಿಗಳಿಂದ ನೀರನ್ನು ಮೇಲಿನಿಂದಲೇ ಕಾಣಬಹುದಲ್ಲವೇ, ಎಕ್ಸ್‌ಪೋರ್ಟರ್ ಕೂಡ ಅಂತಹ ಬಾಯಿ. ಅದರ ಮೂಲಕ ನೋಡಬಹುದೇ ಹೊರತು ಸರ್ವರ್‌ಗೆ ಯಾವ ಆಜ್ಞೆಯನ್ನೂ ಕೊಡಲಾಗದು. ಬಾಡಿಗೆ ಯಂತ್ರದಲ್ಲಿರುವ ಪ್ರೊಮೀಥಿಯಸ್ ನಿಗದಿತ ಅಂತರಕ್ಕೊಮ್ಮೆ ಪ್ರತಿ ಸರ್ವರ್‌ನ ಬಾಗಿಲಿಗೆ ತಾನೇ ಹೋಗಿ ಅಳತೆಗಳನ್ನು ತರುತ್ತದೆ. ಹೋದಾಗ ಉತ್ತರ ಸಿಗದಿದ್ದರೆ ‘ಅಪ್’ ಎಂಬ ಅಳತೆಯಲ್ಲಿ ಆ ಸರ್ವರ್‌ನ ಮುಂದೆ ಸೊನ್ನೆ ಬರೆಯುತ್ತದೆ. ಮೌನವು ಸುದ್ದಿಯಾಗಬೇಕು ಎಂದೆನಲ್ಲ, ಆ ಗುಣ ಈ ತಂತ್ರಾಂಶದ ಮೂಲದಲ್ಲೇ ಇದೆ.

ಅಂತರ ಎಷ್ಟಿರಬೇಕೆಂದು ಹಲವರು ಕೇಳುತ್ತಾರೆ. ನೀವೇನೂ ಹೇಳದಿದ್ದರೆ ಅದು ನಿಮಿಷಕ್ಕೊಮ್ಮೆ ಹೋಗುತ್ತದೆ. ಜೊತೆಗೆ ಬರುವ ಮಾದರಿ ಕಡತದಲ್ಲಿ 15 ಸೆಕೆಂಡ್ ಎಂದಿರುತ್ತದೆ. ನಿಮಗೆ 30 ಸೆಕೆಂಡ್ ಸಾಕು. ಒಂದೊಂದು ಸರ್ವರ್‌ನಿಂದ ಸಾವಿರ ಅಳತೆ ಎಂದಿಟ್ಟುಕೊಂಡರೂ ಹನ್ನೆರಡರಿಂದ ಹನ್ನೆರಡು ಸಾವಿರ, ಅಂದರೆ ಸೆಕೆಂಡಿಗೆ 400, ದಿನಕ್ಕೆ ಸುಮಾರು ಮೂರೂವರೆ ಕೋಟಿ ಅಂಕಿಗಳಾಗುತ್ತವೆ. ಪ್ರೊಮೀಥಿಯಸ್ ಒಂದು ಅಂಕಿಯನ್ನು ಒಂದರಿಂದ ಎರಡು ಬೈಟ್‌ಗಳಲ್ಲಿ ಅಡಗಿಸುವುದರಿಂದ ದಿನಕ್ಕೆ ಹೆಚ್ಚೆಂದರೆ 70 ಎಂಬಿ ಆಯಿತು. ಅದು ತಾನಾಗಿ 15 ದಿನಗಳ ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನೀವು ಅದನ್ನು 180 ದಿನಕ್ಕೆ ಏರಿಸಿ, ಆಗಲೂ 13 ಜಿಬಿ ಒಳಗೇ ಇರುತ್ತದೆ. ಹೋದ ಬೇಸಿಗೆಗೂ ಮಳೆಗಾಲಕ್ಕೂ ಹೋಲಿಸಿ ನೋಡುವ ಅನುಕೂಲ ಇದರಿಂದ ಸಿಗುತ್ತದೆ, ನಮ್ಮ ಭಾಗದಲ್ಲಿ ಅದು ತುಂಬಾ ಬೇಕಾದದ್ದು.

ಈಗ ಪೋರ್ಟಿನ ವಿಷಯ. ಇದು ನಿಮ್ಮ ಪ್ರಶ್ನೆಯ ಅತ್ಯಂತ ಸೂಕ್ಷ್ಮ ಭಾಗವಾದ್ದರಿಂದ ಇಲ್ಲಿ ಅವಸರ ಮಾಡಬಾರದು. ನೋಡ್ ಎಕ್ಸ್‌ಪೋರ್ಟರ್ ಸ್ಥಾಪಿಸಿದ ಕೂಡಲೇ ಯಂತ್ರದ ಎಲ್ಲ ಜಾಲಗಳಲ್ಲಿಯೂ, ಯಾವ ಪಾಸ್‌ವರ್ಡನ್ನೂ ಕೇಳದೆ ಉತ್ತರಿಸತೊಡಗುತ್ತದೆ. ರೌಟರ್‌ನಲ್ಲಿ ಆ ಪೋರ್ಟನ್ನು ತೆರೆದರೆ ನಿಮ್ಮ ಸರ್ವರ್‌ನ ಕರ್ನೆಲ್ (ಲಿನಕ್ಸಿನ ತಿರುಳು) ಆವೃತ್ತಿಯಿಂದ ಹಿಡಿದು ಡಿಸ್ಕ್‌ಗಳ ಹೆಸರಿನವರೆಗೆ ಎಲ್ಲವೂ ಜಗತ್ತಿಗೆ ಕಾಣುತ್ತವೆ. ಅದಲ್ಲದೆ ಚಿಕ್ಕ ಊರುಗಳ ಶಾಖೆಗಳಿಗೆ ಬರುವ ಅನೇಕ ಸಂಪರ್ಕಗಳಲ್ಲಿ, ವಿಶೇಷವಾಗಿ 4ಜಿ ಡಾಂಗಲ್‌ಗಳಲ್ಲಿ, ಸಾರ್ವಜನಿಕ ವಿಳಾಸವೇ ಇರುವುದಿಲ್ಲ. ನೂರಾರು ಗ್ರಾಹಕರಿಗೆ ಒಂದೇ ವಿಳಾಸವನ್ನು ಹಂಚಿರುತ್ತಾರೆ. ರೌಟರ್‌ನ ಹೊರಬದಿಯ ವಿಳಾಸ 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಆರಂಭವಾಗುತ್ತಿದ್ದರೆ ನಿಮ್ಮದೂ ಅಂತಹದೇ. ಅಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಯಾರೂ ಒಳಬರಲಾರರು.

ಇದಕ್ಕೆ ಪರಿಹಾರ ವೈರ್‌ಗಾರ್ಡ್ ಎಂಬ ಸುರಕ್ಷಿತ ಸುರಂಗ ಸಂಪರ್ಕ. 2020ರಲ್ಲಿ ಬಂದ 5.6ನೇ ಆವೃತ್ತಿಯಿಂದ ಅದು ಲಿನಕ್ಸ್ ಕರ್ನೆಲ್‌ನ ಭಾಗವೇ ಆಗಿದೆ. ವಿಂಡೋಸ್‌ಗೂ ಮೊಬೈಲ್ ಫೋನಿಗೂ ಅದರ ಆ್ಯಪ್‌ಗಳಿವೆ. ಬಾಡಿಗೆ ಯಂತ್ರಕ್ಕೆ ಮಾತ್ರ ಸಾರ್ವಜನಿಕ ವಿಳಾಸವಿರುತ್ತದೆ, ಅಲ್ಲಿ ಯುಡಿಪಿ 51820 ಎಂಬ ಒಂದೇ ಪೋರ್ಟ್ ಇದಕ್ಕಾಗಿ ತೆರೆದಿರುತ್ತದೆ. ಪ್ರತಿ ಶಾಖೆಯ ಸರ್ವರ್ ತಾನೇ ಹೊರಗೆ ಹೋಗಿ ಆ ಯಂತ್ರವನ್ನು ಸೇರಿಕೊಳ್ಳುತ್ತದೆ. ಸಂಪರ್ಕವು ಒಳಗಿನಿಂದ ಹೊರಗೆ ಹೋಗುವುದರಿಂದ ಶಾಖೆಯ ರೌಟರ್‌ನಲ್ಲಿ ಏನನ್ನೂ ಬದಲಿಸಬೇಕಿಲ್ಲ. ನಡುವಿನ ರೌಟರ್‌ಗಳು ಆ ದಾರಿಯನ್ನು ಮರೆಯದಂತೆ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಸಂಕೇತ ಕಳಿಸುವ ಸೌಲಭ್ಯವನ್ನು ಶಾಖೆಯ ಕಡೆ ಚಾಲೂ ಮಾಡಿ. ಇದನ್ನು ಮರೆತರೆ ಸುರಂಗವು ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಹೋದಂತೆ ಕಾಣುತ್ತದೆ, ಆಮೇಲೆ ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಇಡೀ ದಿನ ಕಳೆಯುತ್ತೀರಿ. ಪ್ರತಿ ಸರ್ವರ್‌ಗೂ ಸುರಂಗದೊಳಗಿನ ಒಂದು ಖಾಯಂ ವಿಳಾಸ ಕೊಡಿ: ಆಳಂದಕ್ಕೆ 10.20.0.11, ಅಫಜಲಪುರಕ್ಕೆ 10.20.0.12, ಹೀಗೆ. ಶಾಖೆಯ ಕಡೆಯಲ್ಲಿ ನಿಗಾ ಯಂತ್ರದ ಒಂದು ವಿಳಾಸಕ್ಕಷ್ಟೇ ಅನುಮತಿ ಇರಲಿ, ಮತ್ತು ನಿಗಾ ಯಂತ್ರವು ಒಂದು ಶಾಖೆಯ ಡೇಟಾ ಸಂಚಾರವನ್ನು ಇನ್ನೊಂದಕ್ಕೆ ದಾಟಿಸದಿರಲಿ. ಆಗ ಚಿಂಚೋಳಿಯ ಸರ್ವರ್‌ಗೆ ವೈರಸ್ ಹೊಕ್ಕರೂ ಅದು ಈ ಸುರಂಗದ ಮೂಲಕ ಸೇಡಂಗೆ ಹೋಗಲಾರದು. ಸುರಂಗ ಸೇರಲು ಬೇಕಾದ ಖಾಸಗಿ ಕೀಲಿಯನ್ನು (ಗುಟ್ಟಿನ ಸಂಕೇತವನ್ನು) ಆಯಾ ಸರ್ವರ್‌ನಲ್ಲೇ ಹುಟ್ಟಿಸಿ, ಅಲ್ಲೇ ಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು, ಒಂದೇ ಕೀಲಿಯನ್ನು ಎರಡು ಕಡೆ ಬಳಸುವುದು ಎರಡೂ ಕೂಡದು. ಕೊನೆಗೆ ಎಕ್ಸ್‌ಪೋರ್ಟರ್ ಸುರಂಗದ ವಿಳಾಸದಲ್ಲಿ ಮಾತ್ರ ಉತ್ತರಿಸುವಂತೆ ಹೊಂದಿಸಿ, ಸರ್ವರ್‌ನ ಫೈರ್‌ವಾಲ್‌ನಲ್ಲಿಯೂ ಅದೇ ನಿಯಮ ಬರೆಯಿರಿ.

ಒಂದು ಚಿಕ್ಕ ಮಾತು: ಪ್ರೊಮೀಥಿಯಸ್ ಬಳಸುವ 9090ನೇ ಪೋರ್ಟನ್ನೇ ಲಿನಕ್ಸಿನ ಕಾಕ್‌ಪಿಟ್ ಎಂಬ ನಿರ್ವಹಣಾ ಪುಟವೂ ಬಳಸುತ್ತದೆ. ಬಾಡಿಗೆ ಯಂತ್ರದಲ್ಲಿ ಕಾಕ್‌ಪಿಟ್ ಮೊದಲೇ ಇದ್ದರೆ ಎರಡರಲ್ಲಿ ಒಂದರ ಪೋರ್ಟನ್ನು ಬದಲಿಸಿ.

ಸರ್ವರ್ ಬದುಕಿರುವುದು ಒಂದು, ಅದರ ಸೇವೆ ಗ್ರಾಹಕನಿಗೆ ಸಿಗುತ್ತಿರುವುದು ಇನ್ನೊಂದು. ಯಂತ್ರ ಆರಾಮವಾಗಿ ನಡೆಯುತ್ತಿದ್ದು, ಅದರೊಳಗಿನ ಡೇಟಾಬೇಸ್ ಮಾತ್ರ ಹ್ಯಾಂಗ್ ಆಗಿದ್ದರೆ ನೋಡ್ ಎಕ್ಸ್‌ಪೋರ್ಟರ್‌ಗೆ ಅದು ತಿಳಿಯುವುದಿಲ್ಲ. ಆದ್ದರಿಂದ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಎಂಬುದನ್ನು ನಿಗಾ ಯಂತ್ರದಲ್ಲಿ ಹಾಕಿ. ನಿಮ್ಮ ವಹಿವಾಟು ತಂತ್ರಾಂಶದ ಲಾಗಿನ್ ಪುಟವನ್ನು ಅದು ಬಳಕೆದಾರನಂತೆಯೇ ತೆರೆದು ನೋಡಿ, ಅಲ್ಲಿ ಇರಬೇಕಾದ ಒಂದು ಪದ ಇದೆಯೇ ಎಂದು ಪರಿಶೀಲಿಸುತ್ತದೆ. ಪುಟ ತೆರೆಯಲು ಎಷ್ಟು ಸಮಯ ಹಿಡಿಯಿತು, ಸುರಕ್ಷತಾ ಪ್ರಮಾಣಪತ್ರದ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನೂ ಹೇಳುತ್ತದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವ ಅಳತೆಯೊಂದಿದೆ, ಅದು ಬ್ಯಾಕಪ್ಪಿನ ವಯಸ್ಸು. ನಿಮ್ಮದು ಜನರ ಠೇವಣಿಯನ್ನು ಇಟ್ಟುಕೊಂಡ ಸಂಸ್ಥೆ. ಸರ್ವರ್ ಸುಟ್ಟುಹೋದರೆ ಹೊಸದನ್ನು ಕೊಳ್ಳಬಹುದು, ಕಳೆದ ತಿಂಗಳಿನಿಂದ ಬ್ಯಾಕಪ್ ಆಗಿಯೇ ಇಲ್ಲವೆಂದು ಆ ದಿನ ಗೊತ್ತಾದರೆ ಮಾಡುವುದೇನೂ ಉಳಿದಿರುವುದಿಲ್ಲ. ನೋಡ್ ಎಕ್ಸ್‌ಪೋರ್ಟರ್‌ಗೆ ಒಂದು ಫೋಲ್ಡರನ್ನು ತೋರಿಸಿದರೆ, ಅದರಲ್ಲಿರುವ ಪಠ್ಯ ಕಡತಗಳನ್ನು ಓದಿ ಅವುಗಳಲ್ಲಿನ ಅಂಕಿಗಳನ್ನೂ ತನ್ನ ಅಳತೆಗಳ ಜೊತೆ ಸೇರಿಸಿ ಕೊಡುತ್ತದೆ. ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿದ ಮೇಲೆ ಮಾತ್ರ, ಮುಗಿದ ಸಮಯವನ್ನೂ ಬ್ಯಾಕಪ್ ಕಡತದ ಗಾತ್ರವನ್ನೂ ಅಲ್ಲಿ ಬರೆಯಲಿ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸುವುದು ಕ್ಷೇಮ, ಇಲ್ಲವಾದರೆ ಅರ್ಧ ಬರೆದ ಕಡತವನ್ನು ಎಕ್ಸ್‌ಪೋರ್ಟರ್ ಓದಿಬಿಡಬಹುದು. ಕೊನೆಯ ಬ್ಯಾಕಪ್ಪಿಗೆ 26 ಗಂಟೆ ಮೀರಿದರೆ, ಅಥವಾ ಅದರ ಗಾತ್ರ ನಿನ್ನೆಯದರ ಅರ್ಧಕ್ಕಿಂತ ಕಡಿಮೆಯಾದರೆ ಎಚ್ಚರಿಕೆ ಬರಲಿ. ನೀವು ಬೇರೆ ಎಲ್ಲವನ್ನೂ ಮುಂದೂಡಿದರೂ ಇದೊಂದನ್ನು ಮೊದಲ ವಾರವೇ ಮಾಡಬೇಕೆಂದು ನನ್ನ ವಿನಂತಿ.

ಕಲಬುರಗಿ ಭಾಗದಲ್ಲಿ ಕೆಲಸ ಮಾಡುವವರು ಬಿಸಿಲನ್ನೂ ಕರೆಂಟನ್ನೂ ಕೈಪಿಡಿಗಳಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಎಸಿ ಇಲ್ಲದ ಶಾಖೆಯ ಮೂಲೆಯಲ್ಲಿ ಸರ್ವರ್‌ನ ಒಳಗಿನ ತಾಪ ಎಷ್ಟಿರುತ್ತದೆಂದು ಅಂದಾಜಿನಿಂದ ಹೇಳಲಾಗದು, ಅಳೆಯಲೇಬೇಕು. ನೋಡ್ ಎಕ್ಸ್‌ಪೋರ್ಟರ್ ಮದರ್‌ಬೋರ್ಡಿನ ಸಂವೇದಕಗಳಿಂದ ತಾಪವನ್ನೂ ಫ್ಯಾನಿನ ವೇಗವನ್ನೂ ಓದಿ ಕೊಡುತ್ತದೆ. ನೆಹರು ಗಂಜ್‌ನಂತಹ ಕಡೆ, ಅಥವಾ ದಾಲ್ ಮಿಲ್‌ಗಳ ಪಕ್ಕದಲ್ಲಿ ಕಚೇರಿಯಿದ್ದರೆ ತೊಗರಿ ಸಿಪ್ಪೆಯ ನಯವಾದ ಧೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಕೋಣೆಯ ತಾಪ ಹೋದ ತಿಂಗಳಷ್ಟೇ ಇದ್ದು ಪ್ರೊಸೆಸರ್‌ನ ತಾಪ ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಬ್ಲೋವರ್ ಹಿಡಿದು ಹೋಗುವ ಸಮಯ ಬಂದಿದೆ ಎಂದು ತಿಳಿಯಿರಿ.

ಯುಪಿಎಸ್‌ನ ಹಿಂಬದಿಯಲ್ಲಿ ಒಂದು ಯುಎಸ್‌ಬಿ ಕಿಂಡಿ ಇರುವುದನ್ನು ಅನೇಕರು ಗಮನಿಸುವುದೇ ಇಲ್ಲ. ಅದನ್ನು ಸರ್ವರ್‌ಗೆ ಜೋಡಿಸಿ, ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಅಥವಾ ಚಿಕ್ಕದಾಗಿ ನಟ್ ಎನ್ನುವ ತಂತ್ರಾಂಶವನ್ನು ಹಾಕಿದರೆ ಎರಡು ಲಾಭಗಳಿವೆ. ಬ್ಯಾಟರಿ ಕೊನೆಗೆ ಬಂದಾಗ ಸರ್ವರ್ ತಾನಾಗಿ, ಡೇಟಾಬೇಸನ್ನು ಸರಿಯಾಗಿ ಮುಚ್ಚಿ ನಿಲ್ಲುತ್ತದೆ. ನಾನು ಮೇಲೆ ಹೇಳಿದ ಆ ರಾತ್ರಿ ಇದೊಂದು ಇದ್ದಿದ್ದರೆ ಮಧ್ಯಾಹ್ನದವರೆಗೆ ಜನರನ್ನು ಕಾಯಿಸಬೇಕಾಗಿರಲಿಲ್ಲ. ಎರಡನೆಯದಾಗಿ, ಕರೆಂಟ್ ಹೋದ ಕ್ಷಣ, ಬ್ಯಾಟರಿಯಲ್ಲಿ ಉಳಿದ ಶೇಕಡಾವಾರು, ಒಳಬರುವ ವೋಲ್ಟೇಜ್ ಇವೆಲ್ಲ ಪ್ರೊಮೀಥಿಯಸ್‌ಗೆ ಸಿಗುತ್ತವೆ. ಸೀಸ-ಆಮ್ಲದ ಬ್ಯಾಟರಿಯ ಆಯಸ್ಸು 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ನೆನೆದರೆ, ನಮ್ಮ ಶಾಖೆಗಳಲ್ಲಿ ಬ್ಯಾಟರಿಗಳು ಬೇಗ ಸೋಲುವುದೇಕೆಂದು ತಿಳಿಯುತ್ತದೆ. ಕಳೆದ ವರ್ಷ 40 ನಿಮಿಷ ತಾಳುತ್ತಿದ್ದ ಬ್ಯಾಟರಿ ಈಗ 12 ನಿಮಿಷಕ್ಕೆ ಇಳಿದಿದೆ ಎಂದು ಅಂಕಿಯ ಸಮೇತ ತೋರಿಸಿದರೆ ಹೊಸ ಬ್ಯಾಟರಿಗೆ ಆಡಳಿತ ಮಂಡಳಿಯ ಒಪ್ಪಿಗೆ ಪಡೆಯುವುದೂ ಸುಲಭ. ಇದರ ಜೊತೆಗೆ ಪ್ರತಿ ಸರ್ವರ್‌ನ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ಓದುವ ಮೂಲ ಹೊಂದಾಣಿಕೆಯಲ್ಲಿ), ಕರೆಂಟ್ ಮರಳಿದಾಗ ಯಂತ್ರ ತಾನೇ ಶುರುವಾಗುವ ಆಯ್ಕೆಯನ್ನು ಚಾಲೂ ಮಾಡಿ. ಬರಿಯ ಸ್ವಿಚ್ ಒತ್ತುವುದಕ್ಕಾಗಿ ಬಸ್ಸಿನಲ್ಲಿ ಶಹಾಪುರಕ್ಕೆ ಹೋಗುವುದು ತಪ್ಪುತ್ತದೆ.

ಎಚ್ಚರಿಕೆಗಳನ್ನು ಕಳಿಸುವ ಕೆಲಸ ಪ್ರೊಮೀಥಿಯಸ್‌ನ ಜೊತೆಗಾರ ತಂತ್ರಾಂಶವಾದ ಅಲರ್ಟ್‌ಮ್ಯಾನೇಜರ್‌ನದು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಸಿಕ್ಕಿದ್ದಕ್ಕೆಲ್ಲ ಎಚ್ಚರಿಕೆ ಇಡುವುದು. ದಿನಕ್ಕೆ ಮೂವತ್ತು ಸಂದೇಶ ಬರತೊಡಗಿದರೆ ಎರಡೇ ವಾರದಲ್ಲಿ ನೀವು ಆ ಗುಂಪನ್ನು ಮ್ಯೂಟ್ ಮಾಡುತ್ತೀರಿ, ಅಲ್ಲಿಗೆ ಇಡೀ ವ್ಯವಸ್ಥೆ ಸತ್ತಂತೆ. ನಡುರಾತ್ರಿ ಎಬ್ಬಿಸಿದರೆ ನೀವು ಎದ್ದು ಏನಾದರೂ ಮಾಡಬಲ್ಲಿರಾ ಎಂದು ಪ್ರತಿಯೊಂದು ನಿಯಮಕ್ಕೂ ಕೇಳಿಕೊಳ್ಳಿ. ಪ್ರೊಸೆಸರ್ ಬಳಕೆ ಶೇಕಡಾ 90 ದಾಟಿತು ಎಂಬುದಕ್ಕೆ ಎದ್ದು ಮಾಡುವುದೇನೂ ಇಲ್ಲ, ತಿಂಗಳ ಕೊನೆಯಲ್ಲಿ ಬಡ್ಡಿ ಲೆಕ್ಕ ನಡೆಯುವಾಗ ಅದು ಹಾಗೆಯೇ ಇರುತ್ತದೆ. ಸೇವೆಯ ಪುಟ ತೆರೆಯುತ್ತಿಲ್ಲ, ಡಿಸ್ಕ್ ನಾಳೆ ತುಂಬುತ್ತದೆ, ಬ್ಯಾಕಪ್ ಆಗಿಲ್ಲ, ಬ್ಯಾಟರಿಯ ಮೇಲೆ ನಡೆಯುತ್ತಿದೆ, ಸರ್ವರ್ ಕಾಣುತ್ತಿಲ್ಲ, ತಾಪ ಮೀರಿದೆ: ಆರಂಭಕ್ಕೆ ಈ ಆರು ಸಾಕು. ಡಿಸ್ಕಿನ ವಿಷಯದಲ್ಲಿ ಶೇಕಡಾ 80 ಎಂಬ ಗೆರೆಗಿಂತ, ಕಳೆದ ಆರು ಗಂಟೆಗಳ ಏರಿಕೆಯನ್ನು ನೋಡಿ ಮುಂದಿನ 24 ಗಂಟೆಯಲ್ಲಿ ತುಂಬುತ್ತದೆಯೇ ಎಂದು ಲೆಕ್ಕ ಹಾಕುವ ಸೂತ್ರ ಪ್ರೊಮೀಥಿಯಸ್‌ನಲ್ಲಿದೆ, ಅದನ್ನು ಬಳಸಿ. ಸರ್ವರ್ ಕಾಣದಿರುವ ಎಚ್ಚರಿಕೆಗೆ ಪ್ರಧಾನ ಕಚೇರಿಯಲ್ಲಿ ಐದು ನಿಮಿಷ, ಇಂಟರ್‌ನೆಟ್ ಆಗಾಗ ಕಡಿದು ಬರುವ ಶಾಖೆಗಳಲ್ಲಿ ಹತ್ತು ನಿಮಿಷ ಕಾಯುವಂತೆ ಬರೆಯಿರಿ.

ಶಾಖೆಯೊಂದು ಕಾಣದಾದಾಗ ಅದು ಕರೆಂಟಿನ ತೊಂದರೆಯೋ ಇಂಟರ್‌ನೆಟ್ಟಿನದೋ ಎಂದು ದೂರದಿಂದ ಹೇಳುವುದು ಕಷ್ಟ. ಆದರೆ ಅದು ಮರಳಿ ಕಾಣಿಸಿದ ಮೇಲೆ ಹೇಳುವುದು ಬಹಳ ಸುಲಭ: ಯಂತ್ರ ಶುರುವಾದ ಸಮಯದ ಅಳತೆ ಬದಲಾಗಿದ್ದರೆ ಯಂತ್ರವೇ ನಿಂತಿತ್ತು, ಬದಲಾಗದಿದ್ದರೆ ಯಂತ್ರ ನಡೆಯುತ್ತಲೇ ಇತ್ತು, ದಾರಿ ಮಾತ್ರ ಕಡಿದಿತ್ತು. ಈ ಒಂದು ಅಳತೆಯನ್ನು ಮೂರು ತಿಂಗಳು ಕೂಡಿಸಿದರೆ ಯಾವ ಶಾಖೆಗೆ ಬ್ಯಾಟರಿ ಬೇಕು, ಯಾವುದಕ್ಕೆ ಎರಡನೆಯ ಇಂಟರ್‌ನೆಟ್ ಸಂಪರ್ಕ ಬೇಕು ಎಂಬುದಕ್ಕೆ ನಿಮ್ಮ ಬಳಿ ನಿಖರವಾದ ಆಧಾರ ಇರುತ್ತದೆ.

ಸಂದೇಶ ತಲುಪಿಸಲು ಟೆಲಿಗ್ರಾಂ ಮತ್ತು ಇಮೇಲ್ ಎರಡನ್ನೂ ಬಳಸಿ. ಅಲರ್ಟ್‌ಮ್ಯಾನೇಜರ್‌ಗೆ ಎರಡೂ ಗೊತ್ತು. ಎಸ್ಸೆಮ್ಮೆಸ್ ಕಳಿಸಬೇಕೆಂದರೆ ದೂರಸಂಪರ್ಕ ಪ್ರಾಧಿಕಾರದ 2018ರ ನಿಯಮಗಳಂತೆ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕಾಗುತ್ತದೆ, ಆರಂಭದಲ್ಲಿ ಆ ಗೋಜು ಬೇಡ. ಸಂದೇಶಗಳನ್ನು ಕನ್ನಡದಲ್ಲಿಯೇ ಬರೆಯಿರಿ. ಪ್ರೊಮೀಥಿಯಸ್ ಮತ್ತು ಗ್ರಫಾನಾ ಎರಡೂ ಯೂನಿಕೋಡ್ ಅಕ್ಷರಗಳನ್ನು ಒಪ್ಪುವುದರಿಂದ ಶಾಖೆಯ ಹೆಸರೂ ಎಚ್ಚರಿಕೆಯ ವಾಕ್ಯವೂ ಕನ್ನಡದಲ್ಲಿರಲು ಯಾವ ಅಡ್ಡಿಯೂ ಇಲ್ಲ. “ಸೇಡಂ ಶಾಖೆಯ ಯುಪಿಎಸ್ ಬ್ಯಾಟರಿಯ ಮೇಲೆ ನಡೆಯುತ್ತಿದೆ, ಇನ್ನು ಸುಮಾರು 15 ನಿಮಿಷ ಉಳಿದಿದೆ, ಜನರೇಟರ್ ಚಾಲೂ ಮಾಡಿ” ಎಂಬ ಸಂದೇಶ ನಿಮಗೂ ಸೇಡಂ ವ್ಯವಸ್ಥಾಪಕರಿಗೂ ಒಟ್ಟಿಗೆ ಹೋದರೆ, ನೀವು ಕಲಬುರಗಿಯಿಂದ ಹೊರಡುವ ಮೊದಲೇ ಅಲ್ಲಿ ಕೆಲಸ ಆಗಿರುತ್ತದೆ. ಇಂಗ್ಲಿಷ್ ಸಂಕ್ಷೇಪಗಳಿಂದ ತುಂಬಿದ ಸಂದೇಶವನ್ನು ಅವರು ನಿಮಗೇ ತಿರುಗಿ ಕಳಿಸಿ ‘ಇದೇನ್ರಿ’ ಎಂದು ಕೇಳುತ್ತಾರೆ, ಅಷ್ಟರಲ್ಲಿ ಆ 15 ನಿಮಿಷ ಮುಗಿದಿರುತ್ತದೆ.

ಕಾಯುವವನನ್ನು ಕಾಯುವವರು ಯಾರು? ಪ್ರೊಮೀಥಿಯಸ್‌ನಲ್ಲಿ ಸದಾಕಾಲ ಉರಿಯುತ್ತಲೇ ಇರುವ ಒಂದು ಎಚ್ಚರಿಕೆಯನ್ನು ಬರೆದು, ಅದನ್ನು ಕೆಲವು ನಿಮಿಷಕ್ಕೊಮ್ಮೆ ಹೊರಗಿನ ಒಂದು ಹಾಜರಿ ಸೇವೆಗೆ ಹೋಗುವಂತೆ ಮಾಡಿ. ಅದು ಬರುವುದು ನಿಂತರೆ ಆ ಸೇವೆ ನಿಮಗೆ ಸುದ್ದಿ ಕೊಡುತ್ತದೆ. ಹೊರಗಿನ ಸೇವೆ ಬೇಡವೆಂದರೆ, ಪ್ರಧಾನ ಕಚೇರಿಯ ಒಂದು ಸರ್ವರ್‌ನಿಂದ ಐದು ನಿಮಿಷಕ್ಕೊಮ್ಮೆ ನಿಗಾ ಯಂತ್ರವನ್ನು ಕೂಗಿ ನೋಡುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದರೂ ನಡೆಯುತ್ತದೆ: ಕಚೇರಿಯನ್ನು ಬಾಡಿಗೆ ಯಂತ್ರ ಕಾಯುತ್ತದೆ, ಬಾಡಿಗೆ ಯಂತ್ರವನ್ನು ಕಚೇರಿ ಕಾಯುತ್ತದೆ.

ಈಗ ನೀವು ಕೇಳಿದ ವೆಬ್ ಪುಟ. ಗ್ರಫಾನಾ 3000ನೇ ಪೋರ್ಟಿನಲ್ಲಿ ನಡೆಯುತ್ತದೆ, ಮೊದಲ ಪ್ರವೇಶದ ಹೆಸರೂ ಪಾಸ್‌ವರ್ಡೂ ಎರಡೂ ‘ಅಡ್ಮಿನ್’ ಎಂದೇ ಇರುತ್ತವೆ. ಸ್ಥಾಪಿಸಿದ ನಿಮಿಷದಲ್ಲೇ ಬದಲಿಸಿ. ಪುಟವನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಕೇ ಎಂಬುದರಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೇಡ. 2021ರ ಡಿಸೆಂಬರ್‌ನಲ್ಲಿ ಗ್ರಫಾನಾದ 8ನೇ ಆವೃತ್ತಿಯಲ್ಲಿ, ಲಾಗಿನ್ ಆಗದೆಯೇ ಸರ್ವರ್‌ನ ಕಡತಗಳನ್ನು ಓದಬಹುದಾದ ದೋಷವೊಂದು ಬಹಿರಂಗವಾಯಿತು. ತಕ್ಷಣವೇ ತಿದ್ದುಪಡಿ ಬಂದರೂ, ಪುಟವನ್ನು ಹೊರಗೆ ತೆರೆದಿಟ್ಟವರು ಆ ಹೊತ್ತಿಗೆ ಅಪಾಯದಲ್ಲಿದ್ದರು. ನಿಮ್ಮ ಫೋನ್ ಮತ್ತು ಲ್ಯಾಪ್‌ಟಾಪ್‌ನಲ್ಲಿ ವೈರ್‌ಗಾರ್ಡ್ ಹಾಕಿಕೊಂಡು ಸುರಂಗದ ಒಳಗಿನಿಂದಲೇ ಪುಟ ನೋಡಿ. ಮನೆಯಲ್ಲಿದ್ದರೂ ಬೀದರಿನ ಮದುವೆಯಲ್ಲಿದ್ದರೂ ಒಂದು ಗುಂಡಿ ಒತ್ತಿದರೆ ಸಂಪರ್ಕ ಸಿಗುತ್ತದೆ. ನಿರ್ದೇಶಕರು ತಾವೂ ನೋಡಬೇಕೆಂದರೆ ಅವರ ಫೋನಿಗೂ ಅದನ್ನೇ ಹಾಕಿ, ಬದಲಾವಣೆ ಮಾಡಲಾಗದ, ನೋಡುವುದಕ್ಕಷ್ಟೇ ಇರುವ ಖಾತೆ ಕೊಡಿ. ಅನಿವಾರ್ಯವಾಗಿ ಹೊರಗೆ ತೆರೆಯಲೇಬೇಕಾದರೆ ಅದರ ಮುಂದೆ ಬಾಗಿಲು ಕಾಯುವ ವೆಬ್ ಸರ್ವರ್ ತಂತ್ರಾಂಶವಾಗಿ ಕ್ಯಾಡಿ ಅಥವಾ ಎಂಜಿನ್‌ಎಕ್ಸ್ ಇರಿಸಿ, ಲೆಟ್ಸ್ ಎನ್‌ಕ್ರಿಪ್ಟ್ ಸೇವೆಯ ಸುರಕ್ಷತಾ ಪ್ರಮಾಣಪತ್ರ ಹಾಕಿ, ಅದು ತಾನಾಗಿ ನವೀಕರಣವಾಗುವಂತೆ ನೋಡಿಕೊಳ್ಳಿ. ಪ್ರೊಮೀಥಿಯಸ್ ಮತ್ತು ಅಲರ್ಟ್‌ಮ್ಯಾನೇಜರ್ ಪುಟಗಳನ್ನು ಮಾತ್ರ ಎಂದಿಗೂ ಹೊರಗೆ ಬಿಡಬೇಡಿ, ಅವುಗಳಿಗೆ ನೀವಾಗಿ ಹೊಂದಿಸದ ಹೊರತು ಲಾಗಿನ್ನೇ ಇರುವುದಿಲ್ಲ. ಗ್ರಫಾನಾದ ಸಂಗ್ರಹದಲ್ಲಿ 1860 ಎಂಬ ಸಂಖ್ಯೆಯ ಸಿದ್ಧ ಡ್ಯಾಶ್‌ಬೋರ್ಡ್ (ಅಂಕಿಚಿತ್ರಗಳ ಪುಟ) ಇದೆ, ಒಂದು ಸರ್ವರನ್ನು ಆಳವಾಗಿ ಪರಿಶೀಲಿಸಲು ಅದು ಚೆನ್ನಾಗಿದೆ. ಮೊದಲ ಪುಟವನ್ನು ಮಾತ್ರ ನೀವೇ ಮಾಡಿ: ಹನ್ನೆರಡು ಚೌಕಗಳು, ಒಂದೊಂದರಲ್ಲೂ ಊರಿನ ಹೆಸರು, ಹಸಿರು ಅಥವಾ ಕೆಂಪು, ಕೆಳಗೆ ಬ್ಯಾಕಪ್ಪಿನ ವಯಸ್ಸು.

ಕಾನೂನಿನ ಒಂದು ಅಂಶವನ್ನೂ ಹೇಳಬೇಕು. ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಗಳ ಲಾಗ್‌ಗಳನ್ನು (ನಡೆದದ್ದರ ದಾಖಲೆಗಳನ್ನು) 180 ದಿನ ದೇಶದೊಳಗೆ ಉಳಿಸಿಕೊಳ್ಳಬೇಕು, ಗಡಿಯಾರಗಳನ್ನು ರಾಷ್ಟ್ರೀಯ ಸಮಯ ಸರ್ವರ್‌ಗಳಿಗೆ ಹೊಂದಿಸಿರಬೇಕು. ಪ್ರೊಮೀಥಿಯಸ್‌ನ ಅಂಕಿಗಳು ಲಾಗ್‌ಗಳಿಗೆ ಬದಲಿಯಾಗುವುದಿಲ್ಲ, ಅವನ್ನು ಬೇರೆಯಾಗಿಯೇ ಉಳಿಸಬೇಕು. ನಿಮ್ಮ ಸಂಸ್ಥೆಗೆ ಅನ್ವಯವಾಗುವ ವಿವರಗಳನ್ನು ಲೆಕ್ಕಪರಿಶೋಧಕರೊಡನೆ ಮಾತನಾಡಿ ಖಚಿತಪಡಿಸಿಕೊಳ್ಳಿ. ಗಡಿಯಾರಗಳು ಹೊಂದಿರುವುದು ನಿಗಾ ವ್ಯವಸ್ಥೆಗೂ ಅಗತ್ಯ. ಪ್ರೊಮೀಥಿಯಸ್ ತನ್ನೊಳಗೆ ಯುಟಿಸಿ ಎಂಬ ಜಾಗತಿಕ ಸಮಯವನ್ನೇ ಬಳಸುತ್ತದೆ, ಗ್ರಫಾನಾ ಅದನ್ನು ನಿಮ್ಮ ಬ್ರೌಸರ್‌ನ ಸಮಯಕ್ಕೆ ಬದಲಿಸಿ ತೋರಿಸುತ್ತದೆ. ಎರಡರ ನಡುವೆ ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ.

ಹನ್ನೆರಡನ್ನೂ ಒಮ್ಮೆಗೇ ಜೋಡಿಸಲು ಹೋಗಬೇಡಿ. ಮೊದಲ ವಾರ ಪ್ರಧಾನ ಕಚೇರಿಯ ಒಂದು ಸರ್ವರ್, ಎರಡನೆಯ ವಾರ ಅಲ್ಲಿನ ಉಳಿದ ಮೂರು, ಆಮೇಲೆ ಹತ್ತಿರದ ಆಳಂದ. ಆಳಂದವನ್ನು ಜೋಡಿಸಿದ ಮೇಲೆ ಬರುವ ಭಾನುವಾರ, ಶಾಖೆ ಮುಚ್ಚಿದ್ದಾಗ, ವ್ಯವಸ್ಥಾಪಕರಿಗೆ ಮುಂಚಿತವಾಗಿ ಹೇಳಿ ಅಲ್ಲಿಗೆ ಹೋಗಿ. ಮೊದಲು ನೆಟ್‌ವರ್ಕ್ ಕೇಬಲ್ ತೆಗೆದು, ನಿಮ್ಮ ಫೋನಿಗೆ ಸಂದೇಶ ಬರಲು ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಕೇಬಲ್ ಮರಳಿ ಹಾಕಿ ‘ಸರಿಯಾಯಿತು’ ಎಂಬ ಸಂದೇಶಕ್ಕೂ ಕಾಯಿರಿ. ಆಮೇಲೆ ಯುಪಿಎಸ್‌ನ ಪ್ಲಗ್ ಕಿತ್ತು, ಬ್ಯಾಟರಿ ಮುಗಿಯುವವರೆಗೆ ಅಲ್ಲೇ ಕುಳಿತು, ಸರ್ವರ್ ಸರಿಯಾಗಿ ಮುಚ್ಚಿಕೊಂಡು ನಿಂತಿತೇ, ಪ್ಲಗ್ ಹಾಕಿದ ಮೇಲೆ ತಾನೇ ಎದ್ದಿತೇ, ಸುರಂಗ ತಾನೇ ಕೂಡಿಕೊಂಡಿತೇ ಎಂದು ಕಣ್ಣಾರೆ ನೋಡಿ. ಇವುಗಳಲ್ಲಿ ಒಂದು ಕೈಕೊಟ್ಟರೂ ಅದನ್ನು ಸರಿಪಡಿಸಿ ಮುಂದಿನ ಭಾನುವಾರ ಮತ್ತೊಮ್ಮೆ ಇದನ್ನೇ ಮಾಡಿ, ಉಳಿದ ಏಳು ಶಾಖೆಗಳನ್ನು ಅದಾದ ಮೇಲೆಯೇ ಜೋಡಿಸಿ.